ವಿವಿಧೋದ್ದೇಶ ಅನ್ನುವ ಮೊದಲು ನೆಲ ನೋಡಿ

ನ್ಯೂಯಾರ್ಕಿನ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅಂದ ಕೂಡಲೇ ಎಲ್ಲರೂ 1971ರ ಅಲಿ–ಫ್ರೇಜಿಯರ್ ಬಾಕ್ಸಿಂಗ್ ಕಾಳಗದ ಮಾತೆತ್ತುತ್ತಾರೆ. ನನ್ನ ಕೇಳಿದರೆ ಅಲ್ಲಿನ ನೆಲದ ಕತೆಯೇ ಹೆಚ್ಚು ರುಚಿ.

ಈಗಿರುವುದು ಆ ಹೆಸರಿನ ನಾಲ್ಕನೇ ಕಟ್ಟಡ. 1879ರದ್ದೂ 1890ರದ್ದೂ ಮ್ಯಾಡಿಸನ್ ಚೌಕದ ಪಕ್ಕದಲ್ಲೇ ಇದ್ದವು. ಆಮೇಲೆ ಹೆಸರೊಂದೇ ಊರೊಳಗೆ ಗುಳೆ ಹೋಯಿತು.

ಎಡವಟ್ಟಾಗಿದ್ದು ಮೂರನೆಯದರಲ್ಲಿ. 1925ರಲ್ಲಿ ಟೆಕ್ಸ್ ರಿಕಾರ್ಡ್ 249 ದಿನಗಳಲ್ಲಿ ಅದನ್ನು ಎಬ್ಬಿಸಿದ. ಆತ ಬಾಕ್ಸಿಂಗ್ ಪಂದ್ಯ ಏರ್ಪಡಿಸುವ ಆಸಾಮಿ. ಅವನ ತಲೆಯಲ್ಲಿದ್ದದ್ದು ಎತ್ತರದ ಕಟ್ಟೆಯ ಮೇಲಿನ 20 ಅಡಿ ಆಸುಪಾಸಿನ ರಿಂಗ್. ಐಸ್ ಹಾಕಿಗೋ 200 ಅಡಿ ಉದ್ದ, 85 ಅಡಿ ಅಗಲ ಬೇಕು. ಪಕ್ಕದ ಬಾಲ್ಕನಿಯ ಹಿಂದಿನ ಸಾಲಿನವರಿಗೆ ತಮ್ಮ ಕಡೆಯ ಐಸೇ ಕಾಣದು. ಗಾಳಿಯಾಡದ ಮೇಲಂತಸ್ತಿನಲ್ಲಿ ಸಿಗರೇಟ್ ಹೊಗೆ ಬೇರೆ. ಸೀಟುಗಳ ಇಳಿಜಾರನ್ನು ಅತಿ ದೊಡ್ಡ ಅಂಕಣಕ್ಕೆ ಲೆಕ್ಕ ಹಾಕಬೇಕು. ಆಮೇಲೆ ತಿದ್ದಲು ಬರುವುದಿಲ್ಲ.

1968ರ ಕಟ್ಟಡ ಇದನ್ನು ಸರಿಮಾಡಿತು. ದುಂಡಗಿನ ಸೂರನ್ನು ಉಕ್ಕಿನ ಕೇಬಲ್‌ಗಳೇ ಹಿಡಿದಿವೆ, ಒಳಗೆ ಕಂಬವಿಲ್ಲ. ಇಂದು ಹಾಕಿ ಆಡಿದಲ್ಲಿ ನಾಳೆ ಬಾಸ್ಕೆಟ್‌ಬಾಲ್. ಹಾಗಂತ ಐಸ್ ಕರಗಿಸುವುದಿಲ್ಲ. ಕೆಳಗಿನ ಕೊಳವೆಗಳಲ್ಲಿ ಶೀತಕ ಹರಿಯುತ್ತಲೇ ಇರುತ್ತದೆ. ಐಸ್ ಮೇಲೆ ಶಾಖನಿರೋಧಕ ಹಲಗೆ, ಅದರ ಮೇಲೆ ಮರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ 94 ಅಡಿಗೆ 50 ಅಡಿಯ ಅಂಕಣ. ಹಲಗೆಗಳ ನಡುವೆ ಸಂದು ಬಿಟ್ಟರೆ, ಒಳಗಿನ ಗಾಳಿಯ ತೇವ ಇಳಿಸದಿದ್ದರೆ, ಮರ ಬೆವರುತ್ತದೆ, ಆಟಗಾರ ಜಾರುತ್ತಾನೆ. ಒರೆಸಿ ಪ್ರಯೋಜನವಿಲ್ಲ, ಮತ್ತೆ ಬೆವರುತ್ತದೆ. ಗಾಳಿಯನ್ನು ಒಣಗಿಸಬೇಕು. ಹೊರಗಿನ ಬಾಗಿಲು ತೆರೆದಿಟ್ಟರಂತೂ ಮುಗಿದೇ ಹೋಯಿತು.

ಇಷ್ಟೆಲ್ಲ ಜಾಣತನ ತೋರಿದವರು ಜಾಗದ ವಿಷಯದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದರು ಅನ್ನುವುದು ನನ್ನ ಖಚಿತ ಅಭಿಪ್ರಾಯ. 1963ರಲ್ಲಿ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಭವ್ಯ ಕಟ್ಟಡ ಕೆಡವಲು ಶುರುಮಾಡಿ, ನೆಲದಡಿ ಉಳಿದ ನಿಲ್ದಾಣದ ನೆತ್ತಿಯ ಮೇಲೇ ಇದನ್ನು ಕೂರಿಸಿದರು. ಆ ಸಿಟ್ಟಿಗೇ 1965ರಲ್ಲಿ ನಗರಕ್ಕೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾನೂನು ಬಂತು. ಮೇಲೆ ಕಾಣದ ಕಂಬಗಳೆಲ್ಲ ಕೆಳಗೆ ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ ನಿಂತು ಪ್ರಯಾಣಿಕರ ದಾರಿ ಕಿರಿದಾಗಿಸಿವೆ. ಆಟದ ನೆಲ ಐದನೇ ಮಹಡಿಯಲ್ಲಿರುವುದರಿಂದ ಸಂಗೀತ ಕಾರ್ಯಕ್ರಮದ ಲಾರಿಗಳು ಅಲ್ಲಿಗೆ ಹತ್ತಲಾರವು. ಬೀದಿಯಲ್ಲೇ ಸಾಮಾನು ಇಳಿಸಿ ಮೇಲೆ ಸಾಗಿಸಬೇಕು. ಕ್ರೀಡಾಂಗಣ ಅಲ್ಲೇ ಮುಂದುವರಿಯಲು 2013ರಲ್ಲಿ ಹತ್ತು ವರ್ಷದ ಪರವಾನಗಿ ಕೊಟ್ಟಿದ್ದ ನಗರಸಭೆ 2023ರಲ್ಲಿ ಐದೇ ವರ್ಷ ಕೊಟ್ಟಿತು.