ದ ಚೇರ್ ತಗೊಂಡ ಕಥೆ

ನಮ್ಮದೊಂದು ಪುಟ್ಟ ಓದುಗರ ಬಳಗ. ತಿಂಗಳಿಗೊಮ್ಮೆ ಸೇರುತ್ತೇವೆ. ಹೋದ ಸಲ ಕುರ್ಚಿ ಸಾಲದೆ ಇಬ್ಬರು ಕೊನೆಯವರೆಗೂ ಗೋಡೆಗೆ ಒರಗಿ ನಿಂತಿದ್ದರು. ಅದರಲ್ಲಿ ನಾನೂ ಒಬ್ಬ. ಹಾಗಾಗಿ ಮುಂದಿನ ಸಭೆಗೆ ಎರಡು ದಿನ ಮೊದಲು ಕಾರ್ಯದರ್ಶಿಗಳು ‘ಹೂ ವಿಲ್ ಟೇಕ್ ದ ಚೇರ್ ದಿಸ್ ಸಂಡೇ?’ ಅಂತ ಇಮೇಲ್ ಹಾಕಿದಾಗ, ಪರವಾಗಿಲ್ಲ, ನಮ್ಮ ಕಾಲುನೋವು ಇವರ ಕಿವಿಗೆ ಬಿದ್ದಿದೆ ಅಂದುಕೊಂಡೆ. ಯಾರಾದರೂ ಮನೆಯಿಂದ ಒಂದು ಕುರ್ಚಿ ತರಬೇಕು, ಅಷ್ಟೇ ತಾನೆ? ‘ಐ ವಿಲ್ ಟೇಕ್ ದ ಚೇರ್’ ಅಂತ ಎಲ್ಲರಿಗಿಂತ ಮೊದಲು ಉತ್ತರ ಬರೆದೆ. ಐದೇ ನಿಮಿಷದಲ್ಲಿ ನಾಲ್ಕು ಜನ ಅಭಿನಂದನೆ ಕಳಿಸಿದರು. ಒಂದು ಕುರ್ಚಿಗೆ ಇಷ್ಟೆಲ್ಲ ಜಾಸ್ತಿಯಾಯಿತು ಅನ್ನಿಸಿತು. ಆದರೂ ಹೊಗಳಿಕೆ ಯಾರಿಗೆ ಬೇಡ?

ಭಾನುವಾರ ಮಡಚುವ ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದೆ. ಬಾಗಿಲಲ್ಲೇ ಯಾರೋ ಅದನ್ನು ಇಸಿದುಕೊಂಡು ಮೂಲೆಗೆ ಒರಗಿಸಿದರು. ಇನ್ಯಾರೋ ನನ್ನ ಕೈ ಹಿಡಿದು ಮುಂದೆ ಕರೆದೊಯ್ದು, ನಡುವೆ ಇದ್ದ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಮೈಕು, ಒಂದು ಲೋಟ ನೀರು, ಒಂದು ಹಾಳೆ. ಹಾಳೆಯಲ್ಲಿ ‘ಚೇರ್’ ಅಂತ ಬರೆದು ಅದರ ಮುಂದೆ ನನ್ನ ಹೆಸರು.

‘ಎ ಚೇರ್’ ತಗೊಂಡರೆ ಸುಮ್ನೆ ಕೂರುವುದು. ‘ದ ಚೇರ್’ ತಗೊಂಡರೆ ಅಧ್ಯಕ್ಷತೆ ವಹಿಸುವುದು. ಶಾಲೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಅಂದಾಗ ಎ, ಆ್ಯನ್, ದ ಮೂರರಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಮುಂದೆ ಹೋಗುತ್ತಿದ್ದವನು ನಾನು. ಈಗ ಬಿಟ್ಟ ಸ್ಥಳವನ್ನು ನಾನೇ ತುಂಬಿ ಕೂತಿದ್ದೆ.

ಕೂರುವ ಇಂಗ್ಲಿಷು ನನ್ನನ್ನು ಬೀಳಿಸಿದ್ದು ಇದೇ ಮೊದಲಲ್ಲ. ನಿಜವಾಗಿಯೂ ಬೀಳಿಸಿದ್ದು ಆಟೊಮನ್. ಆನ್‌ಲೈನ್‌ನಲ್ಲಿ ಆ ಹೆಸರು ನೋಡಿದೆ. ಚಿತ್ರದಲ್ಲಿ ಒಬ್ಬ ಸೋಫಾದಲ್ಲಿ ಒರಗಿ, ಕಾಲು ಚಾಚಿ, ಸುಲ್ತಾನನ ಹಾಗೆ ಕೂತಿದ್ದ. ಆರು ನೂರು ವರ್ಷ ಆಳಿದ ಸಾಮ್ರಾಜ್ಯದ ಹೆಸರು ಅಂದಮೇಲೆ ಅದು ಆ ಸೋಫಾನೇ ಇರಬೇಕು, ಅಲ್ವಾ? ಬಂದದ್ದು ಮೊಣಕಾಲೆತ್ತರದ ಒಂದು ಮೆತ್ತನೆಯ ಡಬ್ಬ. ಪೆಟ್ಟಿಗೆಯನ್ನು ಮಗುಚಿ ಹಾಕಿ ಹುಡುಕಿದೆ. ಥರ್ಮೋಕೋಲ್ ಬಿಟ್ಟರೆ ಏನೂ ಇಲ್ಲ. ಫೋನ್ ಮಾಡಿದೆ.

‘ಬೆನ್ನು ಬಂದಿಲ್ಲ’ ಅಂದೆ.

‘ಯಾವ ಬೆನ್ನು ಸರ್?’

‘ಆಟೊಮನ್ ಬೆನ್ನು.’

ಆ ಕಡೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತುಂಬ ಮೃದುವಾಗಿ, ‘ಅದು ಕಾಲಿಡೋಕೆ ಸರ್’ ಅಂದಳು. ಚಿತ್ರದಲ್ಲಿದ್ದವನ ಕಾಲ ಕೆಳಗಿದ್ದದ್ದನ್ನು ನಾನು ನೋಡಿರಲೇ ಇಲ್ಲ. ಮಾರನೆಯ ದಿನ ಪೇಪರ್ ಓದುವ ಗುಂಗಿನಲ್ಲಿ ಅದರ ಮೇಲೆ ಕೂತು, ಹಾಯಾಗಿ ಹಿಂದಕ್ಕೆ ಒರಗಿದೆ. ಅಷ್ಟು ಹೇಳಿದರೆ ಸಾಕು.

ತುರ್ಕಿಯ ಕಡೆಯ ಒರಗು ಆಸನಗಳ ರೂಢಿ ಯೂರೋಪಿಗೆ ಹೋದಾಗ, 18ನೇ ಶತಮಾನದ ಕೊನೆಯ ಹೊತ್ತಿಗೆ, ಈ ಹೆಸರು ಪೀಠೋಪಕರಣಕ್ಕೆ ಅಂಟಿಕೊಂಡಿತು. ಒಸ್ಮಾನ್ ಎಂಬ ದೊರೆಯ ವಂಶದ ಹೆಸರು ಈಗ ಕಾಲ್ಚೀಲದ ಕೆಳಗಿದೆ. ದಿವಾನನ ಪಾಡೂ ಹೆಚ್ಚುಕಡಿಮೆ ಅದೇ. ಪರ್ಷಿಯನ್ನಿನಲ್ಲಿ ದಿವಾನ್ ಅಂದರೆ ದಫ್ತರ, ಕಚೇರಿ, ಮಂತ್ರಾಲೋಚನೆಯ ಸಭೆ. ಸಭೆಯ ಗೋಡೆಯುದ್ದಕ್ಕೂ ಹಾಕಿದ ಮೆತ್ತೆಗೂ ಅದೇ ಹೆಸರಾಯಿತು. ಮಂತ್ರಿಗೂ ದಿವಾನ, ಮಧ್ಯಾಹ್ನ ಮಲಗುವುದಕ್ಕೂ ದಿವಾನ.

ಆದರೆ ಪದವಿಯಿಂದ ಜಾರಿದ್ದರಲ್ಲಿ ಸ್ಟೂಲ್‌ನ ಮುಂದೆ ಇವೆಲ್ಲ ಏನೂ ಅಲ್ಲ. ಸ್ಟೂಲ್ ಟೆಸ್ಟ್ ಅಂದಾಗ ಮನೆಯ ಸ್ಟೂಲ್ ಹೊತ್ತುಕೊಂಡು ಹೋದವನ ಜೋಕು ನಿಮಗೆ ಗೊತ್ತೇ ಇರುತ್ತದೆ. ಅದು ನಾನಲ್ಲ. ನಾನು ಹೊತ್ತದ್ದು ಮಡಚುವ ಕುರ್ಚಿ. ಆದರೆ ಅವನ ಮೇಲೆ ನನಗೆ ಕನಿಕರವಿದೆ, ಯಾಕೆಂದರೆ ತಪ್ಪು ಅವನದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸ್ಟೋಲ್’ ಅಂದರೆ ಆಸನ, ಸಿಂಹಾಸನವೂ ಹೌದು. ಜರ್ಮನ್ನರು ಇವತ್ತಿಗೂ ಕುರ್ಚಿಗೆ ‘ಷ್ಟೂಲ್’ ಅನ್ನುತ್ತಾರೆ. ಆಮೇಲೆ ಫ್ರೆಂಚಿನಿಂದ ಚೇರ್ ಬಂದು ಒಳ್ಳೆಯ ಜಾಗ ಹಿಡಿಯಿತು. ಸ್ಟೂಲ್‌ಗೆ ಬೆನ್ನೂ ಹೋಯಿತು, ಕೈಯೂ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಒಳಗೆ ಪಾತ್ರೆ ಇಟ್ಟ ಶೌಚದ ಪೆಟ್ಟಿಗೆಗೂ ಸ್ಟೂಲ್ ಅಂದರು. ಕೊನೆಗೆ ಪಾತ್ರೆಯಲ್ಲಿ ಬಿದ್ದದ್ದಕ್ಕೂ ಅದೇ ಹೆಸರು.

ಇಂಗ್ಲೆಂಡಿನ 8ನೇ ಹೆನ್ರಿಯ ಆಸ್ಥಾನದಲ್ಲಿ ‘ಗ್ರೂಮ್ ಆಫ್ ದ ಸ್ಟೂಲ್’ ಅಂತ ಒಂದು ಹುದ್ದೆಯೇ ಇತ್ತು. ದೊರೆ ಆ ಪೆಟ್ಟಿಗೆಯ ಮೇಲೆ ಕೂತಾಗ ಜೊತೆಗಿದ್ದು ನೋಡಿಕೊಳ್ಳುವ ಕೆಲಸ. ನಗಬೇಡಿ, ಸಣ್ಣಪುಟ್ಟವರಿಗೆ ಸಿಗುತ್ತಿದ್ದ ಕೆಲಸವಲ್ಲ ಅದು. ದೊರೆಯ ಕಿವಿ ಅಷ್ಟು ಹತ್ತಿರದಲ್ಲಿ, ಅಷ್ಟು ಪುರುಸೊತ್ತಿನಲ್ಲಿ ಇನ್ನೆಲ್ಲಿ ಸಿಗಬೇಕು? ಅಪಾಯವೂ ಇತ್ತು. ಆ ಹುದ್ದೆಯಲ್ಲಿದ್ದ ಹೆನ್ರಿ ನಾರಿಸ್, ರಾಣಿ ಆ್ಯನ್ ಬೊಲಿನ್ ಪ್ರಕರಣದಲ್ಲಿ ಸಿಕ್ಕಿಕೊಂಡು 1536ರಲ್ಲಿ ತಲೆ ಕಳೆದುಕೊಂಡ.

ಕೂರುವ ವಸ್ತು ಗೊತ್ತಾಯಿತು ಅಂದರೂ ಮುಗಿಯಲಿಲ್ಲ. ಎಲ್ಲಿ ಕೂರಬೇಕು ಅನ್ನುವುದೂ ಒಂದು ತೊಡಕು. ಕನ್ನಡದಲ್ಲಿ ಕುರ್ಚಿಯಲ್ಲಿ ಕೂತೆ ಅನ್ನಿ, ಕುರ್ಚಿ ಮೇಲೆ ಕೂತೆ ಅನ್ನಿ, ಯಾರೂ ತಕರಾರು ತೆಗೆಯುವುದಿಲ್ಲ. ನಾನೊಮ್ಮೆ ‘ಆನ್ ದಿ ಆರ್ಮ್‌ಚೇರ್’ ಅಂದಾಗ ಮಗಳು ತಡೆದಳು.

‘ಅಪ್ಪಾ, ಅದು ಇನ್. ಆರ್ಮ್‌ಚೇರ್ ಆದ್ರೆ ಇನ್, ಸ್ಟೂಲ್ ಆದ್ರೆ ಆನ್.’

‘ಯಾಕಮ್ಮ?’

‘ಆರ್ಮ್‌ಚೇರ್ ನಿನ್ನನ್ನ ತಬ್ಬಿಕೊಳ್ಳುತ್ತೆ. ಸ್ಟೂಲ್ ತಬ್ಬಿಕೊಳ್ಳಲ್ಲ.’

‘ಹಾಗಾದ್ರೆ ಸೋಫಾ? ಅದಕ್ಕೂ ಕೈ ಇದೆಯಲ್ಲ?’

‘ಅದಕ್ಕೆ ಆನ್’ ಅಂದಳು. ಕಾರಣ ಕೇಳಿದ್ದಕ್ಕೆ ಓದೋದಿದೆ ಅಂತ ಎದ್ದು ಹೋದಳು.

‘ಇನ್’ ಅಂದರೆ ಏನು ಅಂತ ಪೂರ್ತಿ ಅರ್ಥವಾದದ್ದು ಅವಳ ಬೀನ್ ಬ್ಯಾಗ್‌ನಲ್ಲಿ. ಈ ಚೀಲದ ಮೂಲ, 1968ರಲ್ಲಿ ಇಟಲಿಯ ಮೂವರು ವಿನ್ಯಾಸಕರು ರೂಪಿಸಿದ ಒಂದು ಆಸನ. ಹೆಸರು ‘ಸಾಕ್ಕೊ’. ಇಟಾಲಿಯನ್ನಿನಲ್ಲಿ ಚೀಲ ಅಂತ ಅರ್ಥ. ಕನ್ನಡದ ಅರ್ಥವೇ ಸರಿ ಅನ್ನುತ್ತೇನೆ. ಕೂತೆ, ಮುಳುಗಿದೆ, ಮೊಣಕಾಲು ಗಲ್ಲಕ್ಕೆ ಬಂತು. ಏಳಲು ಹೋದರೆ ಇನ್ನೊಂದು ಗೇಣು ಒಳಗೆ. ಕೊನೆಗೆ ಪಕ್ಕಕ್ಕೆ ಉರುಳಿ ನೆಲಕ್ಕೆ ಬಿದ್ದು, ಅಲ್ಲಿಂದ ಎದ್ದೆ. ‘ಏನ್ರೀ, ಏನು ಹುಡುಕ್ತಿದ್ದೀರಾ?’ ಅಂದಳು ಹೆಂಡತಿ. ಕನ್ನಡಕ ಅಂದೆ. ಕನ್ನಡಕ ಮೂಗಿನ ಮೇಲಿತ್ತು.

ಬೆಂಚಿನ ವಿಷಯದಲ್ಲಿ ಮಾತ್ರ ನಾನು ಬೀಳಲಿಲ್ಲ, ಮರ್ಯಾದೆ ಬಿತ್ತು. ಗೆಳೆಯನ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ‘ಹೇಗಿದೆಯಪ್ಪ ಕೆಲಸ?’ ಅಂದರೆ, ‘ಮೂರು ತಿಂಗಳಿಂದ ಬೆಂಚ್ ಮೇಲಿದ್ದೀನಿ ಅಂಕಲ್’ ಅಂತ ಸಪ್ಪಗೆ ಹೇಳಿದ. ನನಗೆ ಸಿಟ್ಟೇ ಬಂತು. ‘ಅಷ್ಟು ದೊಡ್ಡ ಕಂಪನಿ, ಒಂದು ಕುರ್ಚಿ ಕೊಡೋಕಾಗಲ್ವಾ? ಬೆನ್ನು ನೋಯಲ್ವೇನೋ?’ ಅಂದೆ. ಹುಡುಗ ನನ್ನನ್ನೇ ನೋಡಿದ. ಪ್ರಾಜೆಕ್ಟ್ ಸಿಗದೆ ಕಾಯುವುದಕ್ಕೆ ಹಾಗನ್ನುತ್ತಾರಂತೆ. ಆಟಕ್ಕೆ ಇಳಿಯದ ಆಟಗಾರನೂ ಬೆಂಚಿನ ಮೇಲೆಯೇ. ಆದರೆ ನ್ಯಾಯಾಧೀಶರು ಕೂತರೆ ಅದೇ ಬೆಂಚು ತೀರ್ಪು ಕೊಡುತ್ತದೆ! ಬ್ಯಾಂಕೂ ಇದರ ನೆಂಟನೇ. ಇಟಲಿಯಲ್ಲಿ ಹಣ ಬದಲಿಸುವವರ ಬೆಂಚು ‘ಬಾಂಕಾ’. ‘ಬಾಂಕಾ ರೊಟ್ಟಾ’, ಅಂದರೆ ಮುರಿದ ಬೆಂಚು, ‘ಬ್ಯಾಂಕ್ರಪ್ಟ್’ ಆಯಿತು. ಇದನ್ನು ಹೇಳಿ ಹುಡುಗನಿಗೆ ಸಮಾಧಾನ ಮಾಡಲು ಹೋದೆ. ಅವನ ಮುಖ ಇನ್ನೂ ಸಪ್ಪಗಾಯಿತು.

ಸಭೆಗೆ ಬರುತ್ತೇನೆ. ಮೊದಲ ಹತ್ತು ನಿಮಿಷದಲ್ಲೇ ಇಬ್ಬರು ಜಗಳಕ್ಕೆ ನಿಂತರು. ಕಾರ್ಯದರ್ಶಿಗಳು ಎದ್ದು, ‘ಪ್ಲೀಸ್ ಅಡ್ರೆಸ್ ದ ಚೇರ್’ ಅಂದರು. ನಾನು ಎಲ್ಲರ ಜೊತೆ ತಿರುಗಿ ಮೂಲೆಯಲ್ಲಿದ್ದ ನನ್ನ ಮಡಚುವ ಕುರ್ಚಿಯನ್ನು ನೋಡಿದೆ. ಎಲ್ಲರ ಜೊತೆ ಅಂದೆನಲ್ಲ, ಅದು ತಪ್ಪು. ಉಳಿದವರೆಲ್ಲ ನನ್ನನ್ನು ನೋಡುತ್ತಿದ್ದರು. ಜಗಳವಾಡುತ್ತಿದ್ದವರಿಗೆ ನೀರು ಕೊಡಿಸಿದೆ. ಏನೋ ತಣ್ಣಗಾಯಿತು. ಅಷ್ಟಕ್ಕೆ ಖುಷಿಯಾಗಿ, ಒಂದು ವರ್ಷ ಇವರೇ ಚೇರ್ ಅಂತ ಎಲ್ಲರೂ ಕೈಯೆತ್ತಿದರು.

ಹೊಸ ಪದವಿಯ ಗುಂಗಿನಲ್ಲೇ ಮನೆ ಸೇರಿದೆ. ಹೆಂಡತಿ ಬಾಗಿಲು ತೆಗೆದವಳು ನನ್ನ ಮುಖ ನೋಡಲಿಲ್ಲ, ಕಂಕುಳು ನೋಡಿದಳು.

‘ಕುರ್ಚಿ ಎಲ್ರೀ?’

ಆಗಲೇ ರಾತ್ರಿಯಾಗಿತ್ತು. ಫೋನ್ ಮಾಡುವುದು ಬೇಡ ಅಂತ ಕಾರ್ಯದರ್ಶಿಗಳಿಗೆ ಒಂದು ಸಾಲಿನ ಇಮೇಲ್ ಕಳಿಸಿದೆ. ‘ಸಾರಿ, ಐ ಹ್ಯಾವ್ ಲೆಫ್ಟ್ ದ ಚೇರ್.’

ಬೆಳಿಗ್ಗೆ ಉತ್ತರ ಬಂದಿತ್ತು. ಇಷ್ಟು ಬೇಗ ಸ್ಥಾನ ಬಿಟ್ಟದ್ದಕ್ಕೆ ವಿಷಾದ, ಕಾರಣ ಕೇಳುವುದಿಲ್ಲ, ರಾಜೀನಾಮೆ ಒಪ್ಪಿಕೊಂಡಿದ್ದೇವೆ ಅಂತ. ಮಡಚುವ ಕುರ್ಚಿಯ ಸುದ್ದಿಯೇ ಅದರಲ್ಲಿರಲಿಲ್ಲ.