ನಾಲ್ಕು ಮೀಟರಿನ ಚೌಕ, ಇಪ್ಪತ್ತೆರಡು ಮಹಡಿ

ಡಿಜಿಪಿನ್ ಬಂತಲ್ಲ, ಇನ್ನು ವಿಳಾಸ ಹುಡುಕುವ ಗೋಳು ತಪ್ಪಿತು ಅಂದುಕೊಂಡಿದ್ದೆ. 2025ರಲ್ಲಿ ಅಂಚೆ ಇಲಾಖೆ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಬರ್ಫಿಯಂತೆ ಕತ್ತರಿಸಿ, ಒಂದೊಂದಕ್ಕೂ ಹತ್ತಕ್ಷರದ ಗುರುತು ಕೊಟ್ಟಿತು. ಚಾಳಿನ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಎಂಟು ಮಂದಿ ಮಲಗುವ ಮುಂಬಯಿಗೆ ಹೇಳಿ ಹೊಲಿಸಿದ ಅಳತೆ. ಒಂದೇ ತೊಡಕು. ಈ ಚೌಕಕ್ಕೆ ಅಕ್ಷಾಂಶ ಗೊತ್ತು, ರೇಖಾಂಶ ಗೊತ್ತು, ಮಹಡಿ ಗೊತ್ತಿಲ್ಲ. ಇಪ್ಪತ್ತೆರಡನೇ ಮಹಡಿಯ ಅಜ್ಜಿಗೂ ಅವರ ನೇರ ಕೆಳಗೆ ನೆಲಮಾಳಿಗೆಯಲ್ಲಿ ಗುರುಗುಡುವ ನೀರಿನ ಪಂಪಿಗೂ ಒಂದೇ ಗುರುತು. ಈ ಊರು ಅಡ್ಡಕ್ಕೆ ಬೆಳೆಯುವುದು ಬಿಟ್ಟು ಯಾವ ಕಾಲವಾಯಿತು ಮಾರಾಯ್ರೆ!

ನನಗ್ಯಾಕೆ ಈ ಉಸಾಬರಿ ಅಂದರೆ, ಭಾನುವಾರ ಬೆಳಿಗ್ಗೆ ಮಾಟುಂಗದ ಗಲ್ಲಿಗಳಲ್ಲಿ ಕಟ್ಟಡದ ನಂಬರ್ ಬರೆದುಕೊಂಡು ತಿರುಗುವ ಹುಚ್ಚ ನಾನೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ, 2004ರಿಂದ ಜನರೇ ಸೇರಿ ಬಿಡಿಸುತ್ತಿರುವ ನಕ್ಷೆ. ಕಂಪನಿಗಳ ನಕ್ಷೆ ನೋಡಿ ನಕಲು ಹೊಡೆಯುವ ಹಾಗಿಲ್ಲ. ಕಾಲಲ್ಲಿ ನಡೆದು ಕಣ್ಣಲ್ಲಿ ಕಂಡದ್ದನ್ನು ತುಂಬಬೇಕು. ಕಟ್ಟಡದ ಹೆಸರು, ನಂಬರ್, ರಸ್ತೆ, ಪಿನ್ ಕೋಡ್. ಒಳಗೆ ಯಾರಿದ್ದಾರೆ, ಏನು ಅಡುಗೆ, ಅದು ನಮಗೆ ಬೇಡ.

ರಸ್ತೆಯ ಖಾನೆಯಲ್ಲೇ ಮೊದಲ ಪೆಟ್ಟು. ಫಲಕದಲ್ಲಿ ಗೋಪಾಲರಾವ್ ದೇಶಮುಖ್ ಮಾರ್ಗ, ಬಾಯಲ್ಲಿ ಪೆಡ್ಡರ್ ರೋಡ್. ಬಸ್ಸಿನವರಿಗೆ ಮಹೇಶ್ವರಿ ಉದ್ಯಾನ, ನಮ್ಮ ಮಾವನಿಗೆ ಸಾಯುವವರೆಗೂ ಕಿಂಗ್ಸ್ ಸರ್ಕಲ್. ಪಿನ್ ಕೋಡ್ ಮಾತ್ರ ಅಪ್ಪಟ. 4 ಅಂದರೆ ಪಶ್ಚಿಮ, 400 ಮುಂಬಯಿ, 400019 ಮಾಟುಂಗ. 1972ರ ಆಗಸ್ಟ್ 15ರಂದು ಇದನ್ನು ತಂದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತ ಕವಿ. ಒಂದೇ ಹೆಸರಿನ ಹತ್ತೂರು, ಹತ್ತು ಲಿಪಿಯ ಕೈಬರಹ, ಅದರ ನಡುವೆ ಕಾಗದ ದಾರಿ ತಪ್ಪಬಾರದು ಅಂತ ಆರಂಕಿಯಲ್ಲಿ ಛಂದಸ್ಸು ಕಟ್ಟಿದರು. ಒಂದೇ ಪಿನ್ನಿನೊಳಗೆ ಮೂರು 'ಸಾಯಿಕೃಪಾ', ಎರಡು 'ಓಂ ಸಾಯಿ' ಏಳುತ್ತವೆಂದು ಪಾಪ ಕವಿಗೆ ಹೇಗೆ ಹೊಳೆಯಬೇಕು?

ಮೊನ್ನೆ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಪೆನ್ನು ತೆಗೆದದ್ದೇ, ವಾಚ್‌ಮನ್ "ಕಶಾಲಾ?" ಅಂದ, ಮರಾಠಿಯಲ್ಲಿ ಯಾತಕ್ಕೆ ಅಂತ. ಸೆಕ್ರೆಟರಿ ಇಳಿದು ಬಂದರು. ನಮ್ಮ ಉಡುಪಿ ಕಡೆಯವರೇ.

"ಎಂತ ನಂಬ್ರ ಬರ್ಕೊಳ್ಳುದು ನೀವು? ಸೆಕ್ಯೂರಿಟಿ ಪ್ರಶ್ನೆ ಉಂಟಲ್ಲ."

"ಶೆಟ್ರೇ, ನಂಬರ್ ಗೋಡೆ ಮೇಲೇ ಇದೆ."

"ಗೋಡೆ ಮೇಲೆ ಇರ್ಲಿ. ನೀವು ಬರ್ಕೊಳ್ಳುದು ಯಾಕೆ?"

ಎಂಥ ಜಾಗ್ರತೆ! ಪಕ್ಕದಲ್ಲೇ ಮುರುಕು ಮೇಜಿನ ಮೇಲೆ ಗೇಟಿನ ರಿಜಿಸ್ಟರು ಬಾಯಿ ತೆರೆದು ಬಿದ್ದಿತ್ತು. ಬೆಳಗ್ಗಿನಿಂದ ಬಂದವರೆಲ್ಲರ ಹೆಸರು, ಮೊಬೈಲು, ಯಾವ ಫ್ಲ್ಯಾಟು, ಯಾಕೆ, ಎಷ್ಟು ಹೊತ್ತಿಗೆ. ನಾನೂ ಅದರಲ್ಲಿ ತುಂಬಿದ ಮೇಲೆಯೇ ಅವರು ನನ್ನನ್ನು ಅನುಮಾನಿಸಲು ಶುರುಮಾಡಿದ್ದು. ಕೊತ್ತಂಬರಿ ಸೊಪ್ಪು ತರಿಸಲು ಊರಿನ ಅಷ್ಟೂ ಆ್ಯಪ್‌ಗಳಿಗೆ ವಿಂಗ್, ಮಹಡಿ, ಫ್ಲ್ಯಾಟು, ಬೆಲ್ ಹೊಡೆಯಬೇಡಿ ಮಗು ಮಲಗಿದೆ ಎಂಬಲ್ಲಿಯವರೆಗೆ ಬರೆದುಕೊಟ್ಟಿದ್ದಾರೆ. ಬ್ಯಾಂಕು ಕೇಳಿದಾಗೆಲ್ಲ ಕೆವೈಸಿಗೆ ವಿಳಾಸದ ಪುರಾವೆ ಕೊಡುತ್ತಾರೆ. ಕಾಸಿಲ್ಲದೆ ಎಲ್ಲರಿಗೂ ಸಿಗುವ ನಕ್ಷೆಗೆ ಗೋಡೆಯ ಮೇಲಿನ '14' ಕೊಟ್ಟರೆ ಮಾತ್ರ ಗಂಡಾಂತರ.

ಹೋದ ಮಳೆಗಾಲದಲ್ಲಿ ನಮ್ಮ ಗಲ್ಲಿಗೆ ಬರಬೇಕಿದ್ದ ಆಂಬುಲೆನ್ಸ್ ಮೂರೂ ಸಾಯಿಕೃಪಾ ಸುತ್ತಿ ಬಂತು. ಚಾಲಕ ಫೋನಿನಲ್ಲಿ ಕೇಳುತ್ತಿದ್ದ, ಲ್ಯಾಂಡ್‌ಮಾರ್ಕ್ ಹೇಳಿ. ಮನೆಯವರು ಹೇಳುತ್ತಿದ್ದರು, ಮೊದಲು ಡೈರಿ ಇದ್ದ ಜಾಗದ ಎದುರು. ಡೈರಿ ಮುಚ್ಚಿ ಆರು ವರ್ಷ. ಇದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ. ವಿಳಾಸ ಗುಟ್ಟಲ್ಲ ಸ್ವಾಮಿ, ಇನ್ನೊಬ್ಬರು ನಮ್ಮನ್ನು ಹುಡುಕಿಕೊಂಡು ಬರಲಿ ಅಂತಲೇ ಅದು ಇರುವುದು. ಎಷ್ಟು ಸಲ ಹೇಳುವುದು? ಸಾಕಾಗಿದೆ.

ಕೊನೆಗೆ ಶೆಟ್ರು ಕರಗಿದರು. "ಬರ್ಕೊಳ್ಳಿ, ಆದ್ರೆ ಫೋಟೋ ಬೇಡ." ಮುಂದಿನ ಕಟ್ಟಡಕ್ಕೆ ಹೋದೆ. ಅಲ್ಲಿ ಯಾರೂ ತಡೆಯಲಿಲ್ಲ. ನಂಬರಿನ ಫಲಕದ ಮೇಲೆ ಯಾರೋ ದಾದಾನ ಹುಟ್ಟುಹಬ್ಬದ ಫ್ಲೆಕ್ಸ್ ಬಿಗಿದಿದ್ದರು. ಶುಭ ಕೋರುವವರ ತಲೆ ಎಣಿಸಿದೆ, ಹದಿನೇಳು. ಕಟ್ಟಡದ ನಂಬರ್ ಎಷ್ಟೆಂದು ಇನ್ನೂ ತಿಳಿದಿಲ್ಲ.