ರಾಜನ ಅಂಜೂರ, ಸೋದೆಯ ಕಲ್ಲು

"ಅಪ್ಪಾ, ನಮ್ಮೂರಲ್ಲಿ ರಾಜರೇ ಇರ್ಲಿಲ್ವಾ?"

ಹೋದ ತಿಂಗಳು ಜರ್ಮನಿಯ ಪಾಟ್ಸ್‌ಡಾಮಿನ ಸಾನ್‌ಸೂಸಿ ಅರಮನೆಯ ಮೆಟ್ಟಿಲ ಮೇಲೆ ಮಗಳು ಕೇಳಿದಳು. ಹುಟ್ಟಿ ಬೆಳೆದದ್ದು ಬರ್ಲಿನ್ನಿನಲ್ಲಾದರೂ ಶಿರಸಿಗೆ ಹೋದಾಗಲೆಲ್ಲ ಹತ್ತಿರದ ಸೋದೆಗೆ ಬಂದಿದ್ದಾಳೆ. ಮಠ ನೋಡಿದ್ದಾಳೆ, ಪಂಕ್ತಿಯಲ್ಲಿ ಕೂತು ಉಂಡಿದ್ದಾಳೆ. ಅಲ್ಲೊಂದು ರಾಜಧಾನಿ ಇತ್ತು ಅಂತ ಮಗುವಿಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ. ಆ ಮಾತು ಇನ್ನೂ ಚುಚ್ಚುತ್ತಿದೆ.

ಸಾನ್‌ಸೂಸಿ ಭಾರೀ ಅರಮನೆಯೇನಲ್ಲ. ಪ್ರಶ್ಯಾದ ದೊರೆ ಎರಡನೇ ಫ್ರೆಡ್ರಿಕ್ 1745ರಿಂದ 1747ರೊಳಗೆ ಕಟ್ಟಿಸಿದ, ಒಂದೇ ಅಂತಸ್ತಿನ ಹಳದಿ ಮನೆ. ಸೊಗಸೆಲ್ಲ ಅದರ ಮುಂದಿನ ಇಳಿಜಾರಿನಲ್ಲಿದೆ. ಗುಡ್ಡ ಕಡಿದು ಆರು ಹಂತ ಮಾಡಿ ದ್ರಾಕ್ಷಿ ಹಾಕಿಸಿದ್ದಾನೆ, ನಮ್ಮ ಕಡೆ ಧರೆ ಕಡಿದು ತೋಟ ಮಾಡುವ ಹಾಗೇ! ಹಂತದ ಗೋಡೆಗಳಲ್ಲಿ ಒಟ್ಟು 168 ಗೂಡು. ಗೂಡಿಗೆ ಗಾಜಿನ ಬಾಗಿಲು, ಒಳಗೆ ಅಂಜೂರ. ಚಳಿ ಬಂದರೆ ಬಾಗಿಲು ಹಾಕುತ್ತಾರೆ. ನಾವು ಹೋದ ದಿನ ಒಬ್ಬಾಕೆ ಮಂಡಿಯೂರಿ ಕೂತು ಒಂದು ಗೂಡಿನೊಳಗಿನ ಒಣಗಿದ ಎಲೆ ಬಿಡಿಸುತ್ತಿದ್ದರು. ಒಂದೊಂದೇ ಎಲೆ. ರಾಜ ಸತ್ತು ಇನ್ನೂರು ವರ್ಷ ದಾಟಿದೆ. ಅವನ ಗಿಡಕ್ಕೆ ಇವತ್ತಿಗೂ ಆರೈಕೆ ಇದೆ. ಮೇಲೆ ಅವನ ಗೋರಿಯ ಹಾಸುಗಲ್ಲಿನ ಮೇಲೆ ಜನ ಆಲೂಗಡ್ಡೆ ಇಟ್ಟು ಹೋಗುತ್ತಾರೆ. ಆಲೂಗಡ್ಡೆ ಬೆಳೆಯಿರಿ ಅಂತ ರೈತರ ಬೆನ್ನು ಹತ್ತಿದ ದೊರೆ ಅಲ್ವಾ, ಅದಕ್ಕೆ.

ಸೋದೆ ಕೋಟೆಯಲ್ಲೂ ಒಂದು ಕಲ್ಲಿದೆ. ಹನ್ನೆರಡು ಅಡಿ ಚೌಕ, ದಪ್ಪ ಅರ್ಧ ಅಡಿ. ಕೆತ್ತನೆಯ ಗಿಡ್ಡ ಕಂಬಗಳ ಮೇಲೆ ಕೂತಿದೆ. ಅಂಗೈ ಸವರಿದರೆ ಒಂದು ತಗ್ಗು, ಒಂದು ಉಬ್ಬು ಸಿಗುವುದಿಲ್ಲ. 16ನೇ ಶತಮಾನದ ಅರಸಪ್ಪ ನಾಯಕನ ವಂಶ, 1760ರ ದಶಕದಲ್ಲಿ ಹೈದರಾಲಿಯ ಸೇನೆ ಬರುವವರೆಗೆ ಆಳಿದ ಊರು ಇದು. ಕಳೆದ ಸಲ ಒಬ್ಬನೇ ಹೋಗಿದ್ದೆ. ಕಲ್ಲಿನ ಮೇಲೆ ಎಣ್ಣೆ ಕಲೆ, ಚಿಪ್ಸ್ ಪೊಟ್ಟಣ. ಇಬ್ಬರು ಹುಡುಗರು ಕಾಲು ಇಳಿಬಿಟ್ಟು ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೋಡಿಕೊಳ್ಳಬೇಕಾದವರ ಮೇಲಿದೆ. ದಿನಾ ಒಂದು ಗಂಟೆ ಕಸ ಹೊಡೆಯಲು ಒಬ್ಬರು, ಓದಿದರೆ ಮಗುವಿಗೂ ಅರ್ಥವಾಗುವ ಒಂದು ಬೋರ್ಡು. ಇದಕ್ಕೆ ಎಷ್ಟು ದುಡ್ಡು ಬೇಕು?

ನಮ್ಮ ಮಳೆಗೆ ಮಣ್ಣು, ಮರದ ಅರಮನೆ ನಿಲ್ಲುವುದು ಕಷ್ಟ, ಒಪ್ಪುತ್ತೇನೆ. ಇಲ್ಲಿಯೂ ಎಲ್ಲ ಉಳಿದಿಲ್ಲ. ಅದೇ ಪಾಟ್ಸ್‌ಡಾಮಿನ ಊರೊಳಗಿನ ಅರಮನೆ 1945ರ ಬಾಂಬಿಗೆ ಸುಟ್ಟಿತು, ಉಳಿದ ಗೋಡೆಗಳನ್ನೂ ಆಮೇಲೆ ಕೆಡವಿದರು.

ಆ ರಾತ್ರಿ ಮನೆಗೆ ಫೋನ್ ಮಾಡಿದೆ. ಅಡಿಕೆ ಮರ ಹತ್ತುವ ಕೊನೆಗೌಡ, ಕೊಳೆ ರೋಗಕ್ಕೆ ಮದ್ದು ಹೊಡೆಯಲು ಬಂದಿದ್ದ. ಅಪ್ಪಯ್ಯ ತೋಟದಿಂದಲೇ ಮಾತಾಡಿದರು. ಅಜ್ಜ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗೆ ಈ ಸಲ ಚಿಗುರು ಚೆನ್ನಾಗಿ ಬಂದಿದೆಯಂತೆ. ಸೋದೆ ದೊರೆಗಳ ಬೊಕ್ಕಸ ತುಂಬಿಸಿದ್ದು ಅದೇ ಮೆಣಸು. ಮಗಳಿಗೆ ಅಲ್ಲಿಂದಲೇ ಕತೆ ಶುರು ಮಾಡಿದ್ದೇನೆ. ಬರುವ ರಜೆಯಲ್ಲಿ ಮಠದ ಊಟಕ್ಕೆ ಮೊದಲು ಕೋಟೆಗೆ ಹೋಗುತ್ತೇವೆ.